ಕೂಸು ಒಂದೇ ಕೈ ಚಾಚಿದರೆ 'ಎಡಚ' ಎಂದು ಸುಮ್ಮನಿರಬೇಡಿ!

ಲಕ್ವಾ ಹೊಡೆಯುವುದು ವಯಸ್ಸಾದವರಿಗೆ ಎಂಬುದು ನಮ್ಮ ಜನರ ನಂಬಿಕೆ. ಹಾಲು ಕುಡಿಯುವ ಕೂಸಿಗೂ ಹೊಡೆಯುತ್ತದೆ ಎಂದರೆ ನಾಗಮಂಗಲದ ಸಂತೆಯಲ್ಲಾಗಲಿ, ಕೆ.ಆರ್.ಪೇಟೆಯ ಬಸ್‌ ನಿಲ್ದಾಣದಲ್ಲಾಗಲಿ ನಂಬುವವರು ಕಡಿಮೆ.

ಆದರೂ ಅದು ನಿಜ. ತಾಯಿಯ ಹೊಟ್ಟೆಯಲ್ಲಿರುವಾಗಲೋ, ಹೆರಿಗೆ ಸಮಯದಲ್ಲೋ, ಹುಟ್ಟಿದ 28 ದಿನದೊಳಗೋ ಮಗುವಿನ ಮಿದುಳಿನ ರಕ್ತನಾಳ ಕಟ್ಟಿಕೊಳ್ಳಬಹುದು ಅಥವಾ ಒಡೆಯಬಹುದು. ಕೆಲವು ಸಾವಿರ ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ ಎಂಬುದು ವೈದ್ಯರ ಅಂದಾಜು.

ಕೆಲವು ಕೂಸುಗಳಿಗೆ ಹುಟ್ಟಿದ ಒಂದೆರಡು ದಿನದಲ್ಲೇ ಫಿಟ್ಸ್ ಬರುತ್ತದೆ. ಆಗ ಬಾಲಗ್ರಹ ಅಂತ ತಾಯತ ಕಟ್ಟಿ, ಬರೆ ಹಾಕಿ ಹೊತ್ತು ಕಳೆಯಬಾರದು. ತಕ್ಷಣ ಆಸ್ಪತ್ರೆಗೆ ಓಡಬೇಕು. ಇನ್ನು ಕೆಲವಕ್ಕೆ ಮೊದಲು ಏನೂ ಕಾಣದು. ನಾಲ್ಕೈದು ತಿಂಗಳಾದ ಮೇಲೆ ಒಂದು ಕೈ ಮುಷ್ಟಿ ಬಿಚ್ಚುವುದಿಲ್ಲ. ಗಿಲಕಿ ತೋರಿಸಿದರೆ ಎಡಗೈ ಮಾತ್ರ ಮುಂದೆ ಬರುತ್ತದೆ. "ಬುಡವ್ವ, ಎಡಚ ಆಯ್ತದೆ ಅಷ್ಟೇಯ" ಅಂತ ಅಜ್ಜಿ ಸಮಾಧಾನ ಹೇಳುತ್ತಾಳೆ. ಎಡವಟ್ಟಾಗುವುದು ಇಲ್ಲೇ! ವರ್ಷ ತುಂಬುವ ಮೊದಲು ಮಕ್ಕಳು ಎರಡೂ ಕೈ ಆಡಿಸಬೇಕು. ಒಂದೇ ಕೈ ಮುಂದಾದರೆ ಇನ್ನೊಂದು ಸೋತಿದೆಯೇ ಎಂದು ಡಾಕ್ಟರಿಗೆ ತೋರಿಸಲೇಬೇಕು.

ಕಾಯಿಲೆ ಗೊತ್ತಾದ ದಿನವೇ ಮನೆಯಲ್ಲಿ ಇನ್ನೊಂದು ಕಾಯಿಲೆ ಶುರು. "ಗ್ರಹಣದಲ್ಲಿ ಹೊರಗೆ ಬಂದ್ಲು", "ಪರಂಗಿ ಹಣ್ಣು ತಿಂದ್ಲು" ಎಂದು ಎಲ್ಲ ತಪ್ಪೂ ಬಾಣಂತಿಯ ತಲೆಗೆ. ಇದು ಸುಳ್ಳು. ಮುಂದಿನ ಮಗುವಿಗೂ ಹೀಗಾಗುವುದು ಬಹಳ ಅಪರೂಪ. ಈ ಮಾತನ್ನು ಗಂಡ, ಅತ್ತೆ, ಮಾವ ಎಲ್ಲರೂ ಕೂತು ಡಾಕ್ಟರ ಬಾಯಿಂದಲೇ ಕೇಳಬೇಕು.

ಭರವಸೆಗೂ ಕಾರಣವಿದೆ. ಎಳೆ ಮಿದುಳು ಹಾಳಾದ ಭಾಗದ ಕೆಲಸವನ್ನು ಎಷ್ಟೋ ಮಟ್ಟಿಗೆ ಬೇರೆ ಭಾಗಕ್ಕೆ ವಹಿಸುತ್ತದೆ. ಹುಟ್ಟುವಾಗಲೇ ಎಡ ಮಿದುಳಿಗೆ ಪೆಟ್ಟು ಬಿದ್ದವರು ದೊಡ್ಡವರಾದ ಮೇಲೆ ಬಲ ಮಿದುಳಿನಿಂದಲೇ ಚೆನ್ನಾಗಿ ಮಾತಾಡುವುದನ್ನು ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಎಲಿಸಾ ನ್ಯೂಪೋರ್ಟ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದರು. ಒಂದೇ ಪಕ್ಕ ಸೋತ ಮಕ್ಕಳಲ್ಲಿ ಬಹುಪಾಲು, ಸ್ವಲ್ಪ ತಡವಾದರೂ, ನಡೆಯುತ್ತವೆ. ಕೈ ಬಲ ಪೂರ್ತಿ ಬಾರದೆ ಉಳಿಯಬಹುದು, ಫಿಟ್ಸ್ ಕಾಡಬಹುದು, ಅದೂ ನಿಜ.

ವಾರಕ್ಕೊಮ್ಮೆ ಫಿಸಿಯೋಥೆರಪಿಗೆ ಹೋದರೆ ಸಾಲದು. ಉಳಿದ ಆರು ದಿನ ಮನೆಯವರೇ ಮೇಷ್ಟ್ರು. ಸೋತ ಕೈ ಕಡೆಯಿಂದಲೇ ಆಟದ ಸಾಮಾನು ಕೊಡುವುದು, ಎರಡು ಕೈಯಲ್ಲೂ ಚೆಂಡು ಹಿಡಿಸುವುದು, ಹಿಟ್ಟು ಹಿಸುಕಿಸುವುದು ಅಣ್ಣ, ಅಕ್ಕಂದಿರೂ ಮಾಡಬಲ್ಲ ಕೆಲಸ. ಒಳ್ಳೆ ಕೈಗೆ ಸ್ವಲ್ಪ ಹೊತ್ತು ಚೀಲ ತೊಡಿಸಿ ಸೋತ ಕೈಯನ್ನು ದುಡಿಸುವ ಪದ್ಧತಿಯೂ ಉಂಟು. ಅದನ್ನು ತಜ್ಞರು ಹೇಳಿದಂತೆಯೇ ಮಾಡಬೇಕು.

ಎಲ್ಲಿಗೆ ಹೋಗುವುದು? ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಮಗುವನ್ನು ತೋರಿಸಬಹುದು. 2013ರಲ್ಲಿ ಆರಂಭವಾದ ಯೋಜನೆ ಇದು. ಮಂಡ್ಯದಲ್ಲಿ ಮಿಮ್ಸ್ ಇದೆ. ನಾಗಮಂಗಲದವರಿಗೆ ಬಿ.ಜಿ.ನಗರದ ಆದಿಚುಂಚನಗಿರಿ ಆಸ್ಪತ್ರೆ ಹತ್ತಿರ. ಮಾತು ತಡವಾದರೆ ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಉಂಟು. ಪಾಂಡವಪುರ, ಶ್ರೀರಂಗಪಟ್ಟಣದವರಿಗೆ ಅದು ದೂರವೂ ಅಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ತಾಯಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಮಿದುಳು ವಾತ ಎಂದು ಪ್ರಮಾಣಪತ್ರ ಸಿಕ್ಕರೆ 'ನಿರಾಮಯ' ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿ ತನಕ ನೆರವಿದೆ.

ಆದರೆ ತಂದೆಯ ದಿನಗೂಲಿ ಕಟ್ಟಾಗುತ್ತದಲ್ಲ? ಅದನ್ನು ಯಾವ ಯೋಜನೆಯೂ ತುಂಬುವುದಿಲ್ಲ. ಅಂಗಡಿಯ ಮಾಲೀಕರು ಆಸ್ಪತ್ರೆ ದಿನ ಮುಖ ಸಿಂಡರಿಸದೆ ಆಳಿಗೆ ರಜೆ ಕೊಟ್ಟರೆ ಅದೇ ದೊಡ್ಡ ಉಪಕಾರ. ಬಸ್ಸಿನಲ್ಲಿ ಅಂಥ ಕೂಸನ್ನು ಹೊತ್ತ ತಾಯಿ ನಿಂತಿದ್ದರೆ, "ಏನು ಕರ್ಮವೋ" ಎಂದು ಲೊಚಗುಟ್ಟುವ ಬದಲು ಎದ್ದು ಸೀಟು ಬಿಟ್ಟುಕೊಡಿ.