ಕಪ್ಪಿನೊಳಗಿನ ಗಾಳಿಗೆ ತೂಕವಿಲ್ಲ

‘ಒಂದು ಕಪ್ ಸ್ಟ್ರಾಬೆರಿ’ ಎಂದರೆ ಎಷ್ಟು ಗ್ರಾಂ? ಅಮೆರಿಕದ ಕೃಷಿ ಇಲಾಖೆಯ ಪಟ್ಟಿ ಇದಕ್ಕೆ ಒಂದೇ ಉತ್ತರ ಕೊಡುವುದಿಲ್ಲ. ಇಡೀ ಹಣ್ಣಾದರೆ 144 ಗ್ರಾಂ, ಎರಡು ಹೋಳು ಮಾಡಿದ್ದರೆ 152, ತೆಳ್ಳಗೆ ಹೆಚ್ಚಿದ್ದರೆ 166, ರುಬ್ಬಿದ್ದರೆ 232. ಕಪ್ಪೂ ಅದೇ, ಹಣ್ಣೂ ಅದೇ. ಹಣ್ಣುಗಳ ಸಂದಿಯಲ್ಲಿ ಉಳಿದ ಗಾಳಿ ಮಾತ್ರ ಬೇರೆ.

ಈ ಗಾಳಿಯ ತಕರಾರು ಅಡುಗೆಮನೆಗೆ ಬರುವ ಮೊದಲೇ ಸಂತೆಯಲ್ಲಿತ್ತು. ಇಂಗ್ಲೆಂಡಿನಲ್ಲಿ ಸೇಬನ್ನು ಬುಷೆಲ್ ಎಂಬ ದೊಡ್ಡ ಕೊಳಗದಲ್ಲಿ ಅಳೆದು ಮಾರುತ್ತಿದ್ದರು. ಧಾನ್ಯವಾದರೆ ಅಂಚಿನ ಮೇಲೆ ಕೋಲು ಎಳೆದು ಸಮ ಮಾಡಬಹುದು; ಸೇಬಿನ ಮೇಲೆ ಕೋಲು ಎಳೆಯುವುದು ಹೇಗೆ? ಹಣ್ಣು, ಆಲೂಗಡ್ಡೆ, ಮೀನಿಗೆಲ್ಲ ರಾಶಿ ಅಳತೆಯೇ ನಡೆಯುತ್ತಿತ್ತು. 1824ರ ಬ್ರಿಟಿಷ್ ಕಾನೂನು ಆ ರಾಶಿಗೂ ಲೆಕ್ಕ ಬರೆಯಿತು: ಕೊಳಗದ ಮೇಲೆ ಶಂಕುವಿನಾಕಾರದಲ್ಲಿ ಕನಿಷ್ಠ 6 ಅಂಗುಲ ಎತ್ತರ ಇರಬೇಕು. ಇಷ್ಟಾದರೂ ಅದು ಬಹಳ ಕಾಲ ಬಾಳಲಿಲ್ಲ. 1835ರ ಹೊತ್ತಿಗೆ ರಾಶಿ ಅಳತೆಯೇ ರದ್ದಾಯಿತು.

ಅಮೆರಿಕದ ಅಡುಗೆಯೂ ಮೊದಲಿಗೆ ಹೆಚ್ಚಾಗಿ ತೂಕವನ್ನೇ ನೆಚ್ಚಿಕೊಂಡಿತ್ತು. 1796ರಲ್ಲಿ ಪ್ರಕಟವಾದ ಅಮೀಲಿಯಾ ಸಿಮನ್ಸ್ ಅವರ ‘ಅಮೆರಿಕನ್ ಕುಕರಿ’ಯಲ್ಲಿ ಸಕ್ಕರೆ, ಬೆಣ್ಣೆಗಳು ಪೌಂಡಿನ ಲೆಕ್ಕದಲ್ಲಿ ಬರುತ್ತವೆ. ಆದರೆ ತಕ್ಕಡಿಯಿಲ್ಲದ ಮನೆಯಲ್ಲೂ ಒಂದು ಕಪ್ ಇರುತ್ತಿತ್ತು. ಅದೇ ಮೆಲ್ಲಗೆ ಅಳತೆಯಾಯಿತು. ಒಬ್ಬರ ಮನೆಯ ಕಪ್ ಇನ್ನೊಬ್ಬರದಕ್ಕೆ ಹೊಂದಬೇಕಲ್ಲ! ಬಾಸ್ಟನ್ ಅಡುಗೆ ಶಾಲೆಯ ಮುಖ್ಯಸ್ಥೆ ಫ್ಯಾನಿ ಫಾರ್ಮರ್ 1896ರ ತಮ್ಮ ಪುಸ್ತಕದಲ್ಲಿ ಇದಕ್ಕೊಂದು ಶಿಸ್ತು ತಂದರು. ಕಪ್ ಎಂದರೆ ಅರ್ಧ ಪಿಂಟ್; ತುಂಬಿದ ಮೇಲೆ ಅಂಚಿಗೆ ಚಾಕು ಎಳೆದು ಸಮ ಮಾಡಬೇಕು. ಪ್ರಕಾಶಕರು ಲೇಖಕಿಯ ಖರ್ಚಿನಲ್ಲೇ 3,000 ಪ್ರತಿ ಅಚ್ಚು ಹಾಕಿದರು, ಪುಸ್ತಕ ಮನೆಮಾತಾಯಿತು. ಹಿಟ್ಟು, ಸಕ್ಕರೆಯ ಮಟ್ಟಿಗೆ ಆ ಮಹಿಳೆ ಮಾಡಿದ ಉಪಕಾರ ಸಣ್ಣದಲ್ಲ. ಹಣ್ಣಿನ ಮುಂದೆ ಮಾತ್ರ ಆ ಚಾಕು ಸೋತಿತು.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬೀಳುವುದು ಜಾಮಿಗೆ. ಹಣ್ಣು ಮತ್ತು ಸಕ್ಕರೆ ಸಮತೂಕ ಎನ್ನುವುದು ಹಳೆಯ ರೂಢಿ. ಅದನ್ನೇ ‘ಕಪ್ಪಿಗೆ ಕಪ್’ ಎಂದು ಮಾಡಿಕೊಂಡರೆ 144 ಗ್ರಾಂ ಇಡೀ ಸ್ಟ್ರಾಬೆರಿಗೆ ಸುಮಾರು 200 ಗ್ರಾಂ ಸಕ್ಕರೆ ಬೀಳುತ್ತದೆ. ಹಣ್ಣಿನ ಹುಳಿ, ಪರಿಮಳ ಎರಡೂ ಸಿಹಿಯಲ್ಲಿ ಮುಳುಗುತ್ತವೆ.

ನಮ್ಮಲ್ಲಿ ಅಕ್ಕಿಗೆ ಪಾವು, ಸೇರು ಇತ್ತು; ಬಾಳೆಹಣ್ಣಿಗೆ ಡಜನ್ ಸಾಕಾಗಿತ್ತು. ಈಗ ಕೇಕ್ ಮಾಡುವ ಮನೆಗಳಿಗೆ ಕಪ್ ಬಂದಿದೆ, ಅದೂ ಎರಡು ಬಗೆ: ಅಮೆರಿಕದ್ದು ಸುಮಾರು 237 ಮಿ.ಲೀ., ಮೆಟ್ರಿಕ್ ಕಪ್ 250. ಅಲ್ಲಿನ ರೆಸಿಪಿಯಲ್ಲಿ ‘ಮೂರು ಬಾಳೆಹಣ್ಣು’ ಎಂದಿದ್ದರೆ ಅದು ನಮ್ಮ ಪಚ್ಚಬಾಳೆಯ ಬಳಗದ ದಪ್ಪ ಹಣ್ಣು. ಮೂರು ಏಲಕ್ಕಿ ಬಾಳೆ ಹಾಕಿದರೆ ಕೇಕ್ ಒಣಕಲಾಗುತ್ತದೆ. ‘ಒಂದು ಕಪ್’ ಎಂದಿದ್ದರೂ ಪೂರ್ತಿ ಬಗೆಹರಿಯದು: ಬಿಲ್ಲೆಗಳಾಗಿ ಹೆಚ್ಚಿದ ಬಾಳೆಹಣ್ಣು 150 ಗ್ರಾಂ ತೂಗಿದರೆ, ಕಿವುಚಿದ್ದು 225 ಗ್ರಾಂ.

ಅಡುಗೆ ಬರೆಯುವವರಲ್ಲಿ ಒಂದು ಕೋರಿಕೆ. ಸಿಪ್ಪೆ, ಬೀಜ ತೆಗೆದ ಮೇಲೆ ಹಣ್ಣು ಎಷ್ಟು ಗ್ರಾಂ ಎಂಬುದನ್ನು ಬರೆಯಿರಿ. ಕಪ್ಪನ್ನು ಬಿಡಲು ಮನಸ್ಸಿಲ್ಲದಿದ್ದರೆ, ಹೆಚ್ಚಿದ್ದೋ ಕಿವುಚಿದ್ದೋ ಎಂಬುದನ್ನಾದರೂ ಪಕ್ಕದಲ್ಲಿ ಸೇರಿಸಿ.