ಖರಿತಿಯೊನ್: ಒಂದು ಗ್ರೀಕ್ ಹೆಸರಿನ ನಿಷ್ಪತ್ತಿ ಮತ್ತು ಅರ್ಥ

ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ದೊರೆತು, 1903ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಅವರಿಂದ 413ನೆಯ ಸಂಖ್ಯೆಯಾಗಿ ಪ್ರಕಟವಾದ ಗ್ರೀಕ್ ಪ್ರಹಸನವು ಕನ್ನಡ ಸಂಶೋಧಕರಿಗೆ ಸುಪರಿಚಿತ. ಅದರಲ್ಲಿನ ಅನ್ಯಭಾಷೆಯ ಮಾತುಗಳು ಕನ್ನಡವಾಗಿರಬಹುದೆಂದು 1904ರಲ್ಲಿ ಹುಲ್ಟ್ಶ್ ಸೂಚಿಸಿದರು, ಆರ್. ಶಾಮಶಾಸ್ತ್ರಿಗಳು ಆ ವಾದವನ್ನು ಮುಂದುವರಿಸಿದರು. ಆ ವಿವಾದ ಇನ್ನೂ ತೀರಿಲ್ಲ. ಪ್ರಸ್ತುತ ಲೇಖನದ ವಿಷಯ ನಾಯಕಿಯ ಹೆಸರು ಮಾತ್ರ.

ಇಂಗ್ಲಿಷ್ ಬರಹವನ್ನು ಅನುಸರಿಸಿ ಈ ಹೆಸರನ್ನು ‘ಚಾರಿಟಿಯನ್’ ಎಂದು ಬರೆಯುವುದು ಸರಿಯಲ್ಲ. ಮೂಲದ ಮೊದಲ ಅಕ್ಷರ ಮಹಾಪ್ರಾಣ ಖಕಾರ. ಕೊನೆಯ ಸ್ವರ ಹ್ರಸ್ವ ಒಕಾರ. ಇವೆರಡೂ ಕನ್ನಡ ಲಿಪಿಯಲ್ಲಿ ಇರುವುದರಿಂದ ‘ಖರಿತಿಯೊನ್’ ಎಂಬ ರೂಪ ಮೂಲಕ್ಕೆ ಹತ್ತಿರವಾದುದು. ದಾನವನ್ನು ಸೂಚಿಸುವ ‘ಚಾರಿಟಿ’ಗೂ ಇದಕ್ಕೂ ಧಾತುಸಂಬಂಧವಿಲ್ಲ. ‘ಚಾರಿಟಿ’ಯು ಪ್ರಿಯ ಎಂಬರ್ಥದ ಲ್ಯಾಟಿನ್ ‘ಕಾರುಸ್’ ಶಬ್ದದಿಂದ ಬಂದಿದೆ.

ಹೆಸರಿನ ಮೂಲ ‘ಖರಿಸ್’. ಲಾವಣ್ಯ, ಅನುಗ್ರಹ, ಕೃತಜ್ಞತೆ ಎಂಬ ಅರ್ಥಗಳು ಅದಕ್ಕುಂಟು. ಸೌಂದರ್ಯದ ಮೂವರು ದೇವತೆಯರಿಗೂ ಅದರ ಬಹುವಚನವೇ ಹೆಸರು. ‘ಖರಿತ್’ ಎಂಬ ಪ್ರಕೃತಿಗೆ ‘ಇಯೊನ್’ ಎಂಬ ಅಲ್ಪಾರ್ಥಕ ಪ್ರತ್ಯಯ ಸೇರಿದಾಗ ‘ಪುಟ್ಟ ಚೆಲುವು’ ಎಂಬರ್ಥದ ಮುದ್ದಿನ ಹೆಸರಾಗುತ್ತದೆ. ಈ ಪ್ರತ್ಯಯ ನಪುಂಸಕಲಿಂಗದ್ದು. ಆದರೂ ಸ್ತ್ರೀಯರ ಹೆಸರುಗಳಲ್ಲಿ ವಿಪುಲವಾಗಿ ಬರುತ್ತದೆ. ಹವ್ಯಕ ಕನ್ನಡದಲ್ಲಿ ಸ್ತ್ರೀಯರನ್ನು ‘ಅದು’ ಎಂದು ನಿರ್ದೇಶಿಸುವುದನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಆದರೆ ಇದು ಕೇವಲ ಸಾದೃಶ್ಯ, ಸಂಬಂಧವಲ್ಲ.

ಎಪಿಕ್ಯೂರಸನ ಬಳಗದ ಲೆಯೊಂತಿಯೊನ್, ಮಾರ್ಷಿಯಲ್ ಕವಿ ಮರಣಗೀತ ಬರೆದ ಬಾಲೆ ಎರೋತಿಯೊನ್, ಟೆರೆನ್ಸನ ನಾಟಕದ ಗ್ಲಿಕೆರಿಯೊನ್ ಇವೆಲ್ಲ ಇದೇ ವರ್ಗದ ಹೆಸರುಗಳು. ಕ್ರಮವಾಗಿ ‘ಪುಟ್ಟ ಸಿಂಹ’, ‘ಪುಟ್ಟ ಪ್ರೇಮ’, ‘ಪುಟ್ಟ ಸವಿ’ ಎಂದು ಅವುಗಳ ಅರ್ಥ.

ಇದರಿಂದ ಎರಡು ನಿರ್ಣಯಗಳು ಲಭಿಸುತ್ತವೆ. ದೂರತೀರದ ದೇಗುಲದಲ್ಲಿ ಸಿಲುಕಿದ ಗ್ರೀಕ್ ತರುಣಿಯನ್ನು ಸೋದರನು ಬಿಡಿಸಿಕೊಂಡು ಹೋಗುವ ಕಥೆ ಯೂರಿಪಿಡೀಸನ ಇಫಿಗೇನಿಯಾ ನಾಟಕದ ಛಾಯೆ. ಆದರೆ ಅಲ್ಲಿನ ರಾಜಪುತ್ರಿಯ ಗಂಭೀರ ನಾಮದ ಸ್ಥಾನದಲ್ಲಿ ಇಲ್ಲಿ ಮುದ್ದಿನ ಹೆಸರು ಬಂದಿದೆ. ಕಥೆ ದುರಂತ ನಾಟಕದಿಂದ ಪ್ರಹಸನಕ್ಕೆ ಇಳಿದುದನ್ನು ಹೆಸರೇ ಸಾರುತ್ತದೆ. ಎರಡನೆಯದಾಗಿ, ಈ ಹೆಸರು ಪ್ರಕೃತಿ ಪ್ರತ್ಯಯಗಳೆರಡರಲ್ಲೂ ಶುದ್ಧ ಗ್ರೀಕ್. ಅನ್ಯಭಾಷೆಯ ಮಾತುಗಳು ಕನ್ನಡವೋ ಅಲ್ಲವೋ ಎಂಬ ಪ್ರಶ್ನೆಗೆ ಇದು ಸಾಕ್ಷಿಯಾಗದು. ಆ ಪ್ರಶ್ನೆಯನ್ನು ಆ ಮಾತುಗಳಿಂದಲೇ ತೀರ್ಮಾನಿಸಬೇಕು.