ಪ್ಯಾರಿಸ್ ಒಪ್ಪಂದಕ್ಕೊಂದು ಜಯನಗರದ ಅರ್ಜಿ

ಸಂಸದರಿಂದ ಕೆಲಸ ಮಾಡಿಸಿಕೊಳ್ಳುವುದು ಹೇಗೆಂದು ದಕ್ಷಿಣ ಬೆಂಗಳೂರಿನ ಮತದಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಮೆಟ್ರೊ ಹಳದಿ ಮಾರ್ಗ ತಡವಾಯಿತೆಂದು ಜನ ಗೊಣಗಿದರು, ಕೇಳಿದರು. 2025ರ ಜುಲೈನಲ್ಲಿ ಸಂಸದ ತೇಜಸ್ವಿ ಸೂರ್ಯ ಅವರೇ ಪ್ರತಿಭಟನೆಗೆ ಇಳಿದರು. ಆಗಸ್ಟ್ 10ರಂದು ಮಾರ್ಗ ಉದ್ಘಾಟನೆಯಾಯಿತು. ಶ್ರೇಯ ಯಾರದು ಎಂಬ ಜಗಳ ಬೇರೆ ಮಾತು. ಹೀಗೆ ಕೇಳಿ ಪಡೆಯುವ ನಾವು ಹವಾಮಾನ ಬದಲಾವಣೆಯ ವಿಚಾರ ಬಂದರೆ ಮಾತ್ರ ಸುಮ್ಮನಾಗುತ್ತೇವೆ. ಅದೇನಿದ್ದರೂ ವಿಶ್ವಸಂಸ್ಥೆಯ ಕೆಲಸ, ನಮ್ಮ ಎಂ.ಪಿ.ಗೂ ಅದಕ್ಕೂ ಏನು ಸಂಬಂಧ ಎಂಬ ಭಾವನೆ.

ಸಂಬಂಧ ಇದೆ. 2024ರ ಬೇಸಿಗೆಯಲ್ಲಿ ನಗರದ 13,900 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿಯೇ ಹೇಳಿದರು. ಕಾರು ತೊಳೆದರೆ 5,000 ರೂಪಾಯಿ ದಂಡ. ಏಪ್ರಿಲ್ 28ರಂದು ಉಷ್ಣಾಂಶ 38.5 ಡಿಗ್ರಿ. ಜೂನ್ 2ರಂದು ಒಂದೇ ದಿನ 111 ಮಿ.ಮೀ. ಮಳೆ ಸುರಿದು 1891ರ ಜೂನ್ ದಾಖಲೆ ಮುರಿಯಿತು. ಮರುವರ್ಷ ಮೇ ತಿಂಗಳಲ್ಲಿ ಬಿಟಿಎಂ ಲೇಔಟ್‌ನ ಅಪಾರ್ಟ್‌ಮೆಂಟ್ ಒಂದರಲ್ಲಿ ತುಂಬಿದ್ದ ಮಳೆನೀರನ್ನು ಪಂಪ್‌ನಿಂದ ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ಸತ್ತರು. ಇದರಲ್ಲಿ ರಾಜಕಾಲುವೆ ಒತ್ತುವರಿಯ ಪಾಲೆಷ್ಟು, ಬಿಸಿಯೇರಿದ ಭೂಮಿಯ ಪಾಲೆಷ್ಟು ಎಂದು ವಾದಿಸಬಹುದು. ಎರಡೂ ಇವೆ. ಒತ್ತುವರಿ ತೆರವಿಗೆ ಮಾತ್ರ ನಾವು ದನಿ ಎತ್ತುತ್ತೇವೆ.

ಸ್ಥಳೀಯವಾಗಿ ಮಾಡುವುದನ್ನು ಈ ಭಾಗದ ಜನ ಮಾಡಿ ತೋರಿಸಿದ್ದಾರೆ. ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆಯನ್ನು ಅಕ್ಕಪಕ್ಕದ ನಿವಾಸಿಗಳೇ ಟ್ರಸ್ಟ್ ಕಟ್ಟಿಕೊಂಡು 2011ರಿಂದ ನೋಡಿಕೊಂಡು ಬಂದರು. ಆದರೆ ಕೆರೆ ಎಷ್ಟೇ ಚೆನ್ನಾಗಿದ್ದರೂ ನಮ್ಮ ನಲ್ಲಿಗೆ ನೀರು ಬರುವುದು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ. ಅಲ್ಲಿಗೆ ಕಾವೇರಿ ತುಂಬಿ ಬರಬೇಕಾದರೆ ಕೊಡಗಿನಲ್ಲಿ ಮುಂಗಾರು ಸರಿಯಾಗಿ ಹಿಡಿಯಬೇಕು. ಆ ಮುಂಗಾರನ್ನು ಅಮೆರಿಕದ ಹೊಗೆಯೂ ಕೆಡಿಸಬಲ್ಲದು, ಚೀನಾದ್ದೂ ಕೆಡಿಸಬಲ್ಲದು. ಯಾವ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘವೂ ಅದನ್ನು ತಡೆಯಲಾರದು. ದೇಶಗಳು ಕೂತು ಒಪ್ಪಂದ ಮಾಡಿಕೊಳ್ಳುವುದೊಂದೇ ದಾರಿ.

ನಮ್ಮಲ್ಲಿ ಆ ಒಪ್ಪಂದಗಳು ಆಗುವ ಬಗೆಯೇ ವಿಚಿತ್ರ. ಪ್ಯಾರಿಸ್ ಒಪ್ಪಂದವನ್ನು ಭಾರತ 2016ರ ಗಾಂಧಿ ಜಯಂತಿಯಂದು ಅನುಮೋದಿಸಿತು. ಸಂಪುಟ ಒಪ್ಪಿದರೆ ಸಾಕಾಗಿತ್ತು, ಸಂಸತ್ತಿನ ಮತ ಬೇಕಿರಲಿಲ್ಲ. 2070ಕ್ಕೆ ಇಂಗಾಲದ ನಿವ್ವಳ ಹೊರಸೂಸುವಿಕೆ ಶೂನ್ಯ ಎಂಬ ಗುರಿಯನ್ನು ಪ್ರಧಾನಿ ಘೋಷಿಸಿದ್ದು 2021ರಲ್ಲಿ, ಗ್ಲಾಸ್ಗೊದ ಹವಾಮಾನ ಸಮ್ಮೇಳನದಲ್ಲಿ. ಕೊಟ್ಟ ಮಾತಿಗೆ ಕಾನೂನಿನ ಬಲ ಕೊಡಲು ಸಂವಿಧಾನದ 253ನೇ ವಿಧಿಯಲ್ಲಿ ಸಂಸತ್ತಿಗೆ ಅಧಿಕಾರವಿದೆ. 1972ರ ಸ್ಟಾಕ್‌ಹೋಮ್ ಸಮ್ಮೇಳನದ ತೀರ್ಮಾನಗಳನ್ನು ಜಾರಿಗೊಳಿಸಲು 1986ರ ಪರಿಸರ ಸಂರಕ್ಷಣಾ ಕಾಯ್ದೆ ಬಂದದ್ದು ಹಾಗೆ. ಹವಾಮಾನಕ್ಕೆಂದೇ ಅಂಥ ಸಮಗ್ರ ಕಾಯ್ದೆ ಇನ್ನೂ ಇಲ್ಲ. ಖಾಸಗಿ ಸದಸ್ಯರ ಮಸೂದೆಯ ಆಸೆ ಬೇಡ, 1970ರ ನಂತರ ಒಂದೂ ಕಾಯ್ದೆಯಾಗಿಲ್ಲ. ಸಂಸದರ ಕೈಯಲ್ಲಿ ಉಳಿಯುವುದು ಪ್ರಶ್ನೆ. ಪ್ರಶ್ನೆ ಅಂಗೀಕಾರವಾದರೆ ಸಚಿವರು ಉತ್ತರ ಕೊಡಲೇಬೇಕು, ಆ ಉತ್ತರ ದಾಖಲೆಯಲ್ಲಿ ಉಳಿಯುತ್ತದೆ.

‘ಹಾಳು ಮಾಡಿದವರು ಶ್ರೀಮಂತ ದೇಶದವರು, ನಮಗ್ಯಾಕೆ ಕಡಿವಾಣ?’ ಎಂಬ ಮಾತಿನಲ್ಲಿ ನ್ಯಾಯವಿದೆ. ಭಾರತೀಯನೊಬ್ಬನ ಪಾಲಿನ ಇಂಗಾಲ ಜಾಗತಿಕ ಸರಾಸರಿಯ ಅರ್ಧಕ್ಕಿಂತ ಕಡಿಮೆ. 2024ರಲ್ಲಿ ಬಾಕುವಿನ ಹವಾಮಾನ ಸಮ್ಮೇಳನದಲ್ಲಿ ಬಡ ದೇಶಗಳು ನೆರವಾಗಿ ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಕೇಳಿದವು. ಶ್ರೀಮಂತರು 2035ರ ಹೊತ್ತಿಗೆ 30,000 ಕೋಟಿಗೆ ಒಪ್ಪಿದರು. ಭಾರತ ಅಲ್ಲೇ ಆಕ್ಷೇಪಿಸಿತು. ಸರಿಯೇ. ಆದರೆ ಆ ಆಕ್ಷೇಪಕ್ಕೆ ಸಂಸತ್ತಿನ ಬೆಂಬಲ ಎಲ್ಲಿದೆ? ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, 2009ರ ಕೋಪನ್‌ಹೇಗನ್ ಮಾತುಕತೆಗೆ ಪರಿಸರ ಸಚಿವರಾಗಿ ಹೋಗಿದ್ದ ಜೈರಾಮ್ ರಮೇಶ್ ಇಬ್ಬರೂ 2022ರಲ್ಲಿ ರಾಜ್ಯಸಭೆಗೆ ಆಯ್ಕೆಯಾದದ್ದು ಕರ್ನಾಟಕದಿಂದಲೇ. ಕೇಳಬೇಕಾದವರು, ಹೇಳಬೇಕಾದವರು ಇಬ್ಬರೂ ನಮ್ಮವರೇ ಎಂದಾಯಿತು.

ರಾಜ್ಯಸಭೆಗೆ ಅವರನ್ನು ಆರಿಸುವುದು ಶಾಸಕರು. ಜಯನಗರದ ಶಾಸಕರು 2023ರಲ್ಲಿ ಗೆದ್ದದ್ದು ಬರೀ 16 ಮತಗಳಿಂದ. ಇಂಥ ಕಡೆ ಅರ್ಜಿಯೊಂದರ ಇಪ್ಪತ್ತು ಸಹಿಗಳನ್ನು ಕಡೆಗಣಿಸುವ ಧೈರ್ಯ ಯಾವ ರಾಜಕಾರಣಿಗೂ ಇರಲಾರದು.

ಹವಾಮಾನ ಒಪ್ಪಂದಗಳ ಬಗ್ಗೆ ಲೋಕಸಭೆಗೂ ನಾಗರಿಕರು ಅರ್ಜಿ ಸಲ್ಲಿಸಬಹುದು. ಕನ್ನಡದಲ್ಲೇ ಬರೆಯಿರಿ, ಜೊತೆಗೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಇರಲಿ. ಸದನದಲ್ಲಿ ಮಂಡಿಸುವ ಸಂಸದರ ಮೇಲುಸಹಿ ಬೇಕು. ಮುಂದಿನ ಅಧಿವೇಶನಕ್ಕೆ ಮೊದಲೇ ಸಂಸದರ ಕಚೇರಿಗೆ ಹೋಗಿ ಆ ಸಹಿ ಕೇಳಿ.